ಹಳೆಯ ಡೆಸ್ಕ್‌ಟಾಪ್‌ಗೆ ಎಸ್‌ಎಸ್‌ಡಿ: ಮೊದಲು ಡಬ್ಬಿ ತೆರೆದು ನೋಡಿ, ಆಮೇಲೆ ಪೇಟೆಗೆ ಹೋಗಿ

ಬೆಟಗೇರಿಯ ಒಂದು ಸಣ್ಣ ಮುದ್ರಣಾಲಯ. ಲಗ್ನದ ಹಂಗಾಮು. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಕಾಕಾ ಕಂಪ್ಯೂಟರ್ ಚಾಲೂ ಮಾಡಿ, ಎದುರಿನ ಅಂಗಡಿಗೆ ಹೋಗಿ ಚಹಾ ಕುಡಿದು ಬರುತ್ತಿದ್ದರು. ಬಂದು ನೋಡಿದರೆ ಪರದೆಯ ಮೇಲೆ ಆ ಸಣ್ಣ ಉಂಗುರ ಇನ್ನೂ ತಿರುಗುತ್ತಿರುತ್ತಿತ್ತು. ಕೋರೆಲ್‌ಡ್ರಾ ತೆರೆಯಲು ಮತ್ತೆ ಎರಡು ಮೂರು ನಿಮಿಷ, ಫಾಂಟ್ ಪಟ್ಟಿ ಇಳಿಯಲು ಇನ್ನಷ್ಟು ಹೊತ್ತು. ಲಗ್ನಪತ್ರಿಕೆಯ ಪ್ರೂಫ್ ನೋಡಲು ಹಳ್ಳಿಯಿಂದ ಬಂದ ಬೀಗರು ಬೆಂಚಿನ ಮೇಲೆ ಕಾಯುತ್ತ ಕೂತಿರುತ್ತಿದ್ದರು.

“ತಮ್ಮಾ, ಇದರ ಆಯುಷ್ಯ ಮುಗೀತೇನಪಾ? ಹೊಸಾದು ತಗೋಬೇಕೇನು?” ಅಂದರು.

“ಬ್ಯಾಡ್ರಿ ಕಾಕಾ. ಮಶೀನ ಗಟ್ಟಿ ಐತಿ. ಹಾರ್ಡ್ ಡಿಸ್ಕ್ ಅಷ್ಟ ಸೋತೈತಿ.”

ಗದಗ-ಬೆಟಗೇರಿಯನ್ನು ಮುದ್ರಣ ಕಾಶಿ ಎಂದು ಕರೆಯುವ ರೂಢಿ ಇದೆ. ಡಿಟಿಪಿ (ಕಂಪ್ಯೂಟರ್‌ನಲ್ಲಿ ಅಕ್ಷರ, ಪುಟ ಜೋಡಿಸುವ) ಕೆಲಸದ ಜೊತೆಗೆ ಇಲ್ಲಿನ ಅಂಗಡಿಗಳ ಕಂಪ್ಯೂಟರ್‌ಗಳನ್ನೂ ನೋಡಿಕೊಳ್ಳುತ್ತ ಬಂದ ನನ್ನ ಅನುಭವದಲ್ಲಿ, ‘ನಿಧಾನ’ ಎಂದು ಮೂಲೆಗೆ ಸೇರಿದ ಯಂತ್ರಗಳಲ್ಲಿ ಬಹಳಷ್ಟಕ್ಕೆ ಬೇಕಿದ್ದದ್ದು ಒಂದು ಎಸ್‌ಎಸ್‌ಡಿ, ಅಂದರೆ ಹಾರ್ಡ್ ಡಿಸ್ಕ್‌ನ ಬದಲು ಹಾಕುವ, ಚಿಪ್‌ಗಳಲ್ಲಿ ಮಾಹಿತಿ ಇಡುವ ಡ್ರೈವ್ ಮಾತ್ರ. ಆದರೆ ತಪ್ಪು ಎಸ್‌ಎಸ್‌ಡಿ ತಂದು ಕೂತವರನ್ನೂ ಅಷ್ಟೇ ನೋಡಿದ್ದೇನೆ. ನಿಮ್ಮ ಯಂತ್ರಕ್ಕೆ ಯಾವುದು ಹೊಂದುತ್ತದೆ ಎನ್ನುವುದು ಎಸ್‌ಎಸ್‌ಡಿಯ ಪೆಟ್ಟಿಗೆಯ ಮೇಲೆ ಬರೆದಿರುವುದಿಲ್ಲ, ನಿಮ್ಮ ಮದರ್‌ಬೋರ್ಡ್ (ಎಲ್ಲ ಭಾಗಗಳೂ ಜೋಡಣೆಯಾಗುವ ಒಳಗಿನ ಮುಖ್ಯ ಬೋರ್ಡ್) ಮೇಲೆ ಬರೆದಿರುತ್ತದೆ. ಅದಕ್ಕೇ ಈ ಲೇಖನದಲ್ಲಿ ಖರೀದಿಯ ಮಾತು ಸ್ವಲ್ಪ ತಡವಾಗಿ ಬರುತ್ತದೆ.

ರೋಗ ಹಾರ್ಡ್ ಡಿಸ್ಕ್‌ನದ್ದೇ ಹೌದೇ?

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ‘ಪರ್ಫಾರ್ಮೆನ್ಸ್’ ಪುಟದಲ್ಲಿ ಡಿಸ್ಕ್ ಮೇಲೆ ಕ್ಲಿಕ್ ಮಾಡಿ. ಬಳಕೆ 100 ಪ್ರತಿಶತ ಇದ್ದು, ಓದುವ ವೇಗ ಮಾತ್ರ ಸೆಕೆಂಡಿಗೆ ಎರಡು ಮೂರು ಎಂಬಿ ತೋರಿಸುತ್ತಿದ್ದರೆ ರೋಗ ಅಲ್ಲೇ ಇದೆ. ಹಾರ್ಡ್ ಡಿಸ್ಕ್‌ನೊಳಗೆ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ, ಅದರ ಮೇಲೆ ಸೂಜಿಯಂಥ ಹೆಡ್ ಅತ್ತಿಂದಿತ್ತ ಓಡಾಡಿ ಮಾಹಿತಿ ಹುಡುಕುತ್ತದೆ. ಒಂದೊಂದು ಹುಡುಕಾಟಕ್ಕೂ ಸುಮಾರು ಹತ್ತು ಮಿಲಿಸೆಕೆಂಡ್ ಬೇಕು. ಅಂದರೆ ಸೆಕೆಂಡಿಗೆ ಹೆಚ್ಚೆಂದರೆ ನೂರು ಚಿಲ್ಲರೆ ಸಣ್ಣ ಫೈಲುಗಳು. ವಿಂಡೋಸ್ ಏಳುವಾಗ ಓದಬೇಕಾದದ್ದು ಸಾವಿರಾರು ಸಣ್ಣ ತುಣುಕು. ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೂ ಇಲ್ಲ, ಓಡಾಡುವ ಹೆಡ್ಡೂ ಇಲ್ಲ. ಅದೇ ಕೆಲಸವನ್ನು ಅದು ಸೆಕೆಂಡಿಗೆ ಹತ್ತಾರು ಸಾವಿರ ಸಲ ಮಾಡುತ್ತದೆ.

ಅದೇ ಪುಟದಲ್ಲಿ ಮೆಮೊರಿಯನ್ನೂ ನೋಡಿ. 4 ಜಿಬಿ ರ‍್ಯಾಮ್ ಇದ್ದು ಅದು ಸದಾ ತುಂಬಿಯೇ ಇದ್ದರೆ, ಎಸ್‌ಎಸ್‌ಡಿ ಜೊತೆಗೆ ಇನ್ನೊಂದು 4 ಜಿಬಿ ರ‍್ಯಾಮ್ ಕೂಡ ಹಾಕಿಸಿ. ರ‍್ಯಾಮ್ ಸಾಲದಿದ್ದಾಗ ವಿಂಡೋಸ್ ಡಿಸ್ಕ್ ಮೇಲೆಯೇ ತಾತ್ಕಾಲಿಕವಾಗಿ ಬರೆಯುತ್ತ ಹೋಗುತ್ತದೆ. ಅದರಿಂದ ಹೊಸ ಎಸ್‌ಎಸ್‌ಡಿಯೂ ಬೇಗ ಸವೆಯುತ್ತದೆ.

ಇನ್ನೊಂದು ಪರೀಕ್ಷೆ ಮಾಡದೆ ಮುಂದೆ ಹೋಗಬೇಡಿ. ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ತಂತ್ರಾಂಶ ಹಾಕಿ ಹಳೆಯ ಡಿಸ್ಕ್‌ನ ಆರೋಗ್ಯ ನೋಡಿ. ನೀಲಿ ಬಣ್ಣದಲ್ಲಿ ‘ಗುಡ್’ ಎಂದಿದ್ದರೆ ನಿಶ್ಚಿಂತೆ. ಹಳದಿಯಲ್ಲಿ ‘ಕಾಷನ್’ ಎಂದಿದ್ದರೆ ಡಿಸ್ಕ್‌ನಲ್ಲಿ ಕೆಟ್ಟ ಸೆಕ್ಟರ್‌ಗಳು ಬಂದಿವೆ ಎಂದರ್ಥ. ಅಂಥ ಡಿಸ್ಕ್‌ನಿಂದ ಮೊದಲು ಬೇಕಾದ ಫೈಲುಗಳನ್ನಷ್ಟೇ ಹೊರಗೆ ತೆಗೆಯಿರಿ, ಇಡೀ ಡಿಸ್ಕ್ ನಕಲು ಮಾಡುವ ಯೋಚನೆ ಆಮೇಲೆ. ಸೋತ ಎತ್ತಿನ ಮೇಲೆ ಒಮ್ಮೆಲೇ ಇಡೀ ಬಂಡಿ ಹೇರಿದರೆ ಅದು ಅರ್ಧ ದಾರಿಯಲ್ಲೇ ಕುಸಿಯುತ್ತದೆ.

ಡಬ್ಬಿ ತೆರೆಯುವುದು

ಕಂಪ್ಯೂಟರ್ ಬಂದ್ ಮಾಡಿ ಹಿಂದಿನ ಪವರ್ ಕೇಬಲ್ ಕಿತ್ತು, ಪವರ್ ಬಟನ್ನನ್ನು ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗೆ ಉಳಿದ ವಿದ್ಯುತ್ ಖಾಲಿಯಾಗುತ್ತದೆ. ಎದುರಿನಿಂದ ನೋಡಿದರೆ ಎಡಗಡೆಯ ತಗಡು ತೆಗೆಯಬೇಕು, ಅದರ ಎರಡು ಸ್ಕ್ರೂ ಹಿಂಬದಿಯಲ್ಲಿರುತ್ತವೆ. ಒಳಗೆ ಕೈ ಹಾಕುವ ಮುನ್ನ ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹದ ಭಾಗವನ್ನು ಒಮ್ಮೆ ಮುಟ್ಟಿ. ನಮ್ಮ ಕಡೆ ಚಳಿಗಾಲದ ಒಣ ಹವೆಯಲ್ಲಿ ಟೆರಿಕಾಟ್ ಅಂಗಿ ತೊಟ್ಟಿದ್ದರೆ ಮೈಯಲ್ಲಿ ಸ್ಥಿರ ವಿದ್ಯುತ್ ಕೂಡುತ್ತದೆ. ಚಿಟ್ ಎಂದು ಕಿಡಿ ಹಾರಿದರೆ ನಮಗೆ ಏನೂ ಆಗದಿರಬಹುದು, ಚಿಪ್ಪಿಗೆ ಆಗುತ್ತದೆ.

ಕಾಕಾನ ಯಂತ್ರ ತೆರೆದಾಗ ಬೋರ್ಡೇ ಕಾಣಲಿಲ್ಲ. ಮಗ್ಗಗಳ ಊರಾದ ಬೆಟಗೇರಿಯಲ್ಲಿ ನೂಲಿನ ಎಳೆ, ಕಾಗದ ಕತ್ತರಿಸುವಾಗ ಏಳುವ ಪುಡಿ, ಎರೆ ಮಣ್ಣಿನ ಧೂಳು ಮೂರೂ ಸೇರಿ ಪ್ರೊಸೆಸರ್ ಫ್ಯಾನಿನ ಮೇಲೆ ಕಂಬಳಿಯ ಹಾಗೆ ಕೂತಿದ್ದವು. ಯಂತ್ರವನ್ನು ಹೊರಗೆ ಕಟ್ಟೆಯ ಮೇಲಿಟ್ಟು ಬ್ಲೋವರ್ ಹಿಡಿದೆ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿಂದ ಒತ್ತಿ ಹಿಡಿಯಬೇಕು, ಬಿಟ್ಟರೆ ಗಾಳಿಯ ರಭಸಕ್ಕೆ ಅತಿಯಾಗಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಒದ್ದೆ ಅರಿವೆ ಮುಟ್ಟಿಸಬೇಡಿ, ಒಣ ಪೇಂಟ್ ಬ್ರಶ್ ಸಾಕು.

ಧೂಳು ಹೋದ ಮೇಲೆ ಬೋರ್ಡ್ ಮೇಲೆ ದಪ್ಪಕ್ಷರದಲ್ಲಿ ಅಚ್ಚಾದ ಮಾಡೆಲ್ ಹೆಸರು ಕಾಣುತ್ತದೆ. ಮೊಬೈಲ್‌ನಲ್ಲಿ ನಾಲ್ಕೂ ಕಡೆಯಿಂದ ಫೋಟೋ ತೆಗೆದುಕೊಳ್ಳಿ. ತೆರೆಯಲು ಮನಸ್ಸಿಲ್ಲದಿದ್ದರೆ ಸಿಪಿಯು-ಝಡ್ ಎಂಬ ತಂತ್ರಾಂಶದ ‘ಮೇನ್‌ಬೋರ್ಡ್’ ಪುಟದಲ್ಲೂ ಮಾಡೆಲ್ ಸಿಗುತ್ತದೆ. ಆದರೆ ಕೇಬಲ್ ಎಷ್ಟಿವೆ, ಜಾಗ ಎಲ್ಲಿದೆ ಎಂಬುದನ್ನು ತಂತ್ರಾಂಶ ಹೇಳುವುದಿಲ್ಲ. ಅದಕ್ಕೆ ಕಣ್ಣೇ ಬೇಕು.

ಬೋರ್ಡ್ ಓದುವುದು

ಇದೇ ಇಡೀ ಕೆಲಸದ ಮುಖ್ಯ ಹೆಜ್ಜೆ. ಒಬ್ಬ ಶಿಕ್ಷಕರು ಹುಬ್ಬಳ್ಳಿಗೆ ಹೋಗಿ, ಅಂಗಡಿಯವರು “ಇದು ಎಲ್ಲಕ್ಕಿಂತ ಫಾಸ್ಟ್ ಸರ್” ಎಂದು ಕೊಟ್ಟ ಎನ್‌ವಿಎಂಇ (ಹೊಸ ಬಗೆಯ, ಹೆಚ್ಚು ವೇಗದ) ಎಸ್‌ಎಸ್‌ಡಿ ತಂದಿದ್ದರು. ಚ್ಯೂಯಿಂಗ್ ಗಮ್ ಪಟ್ಟಿಯ ಆಕಾರದ ಆ ಕಾರ್ಡನ್ನು ಕೂರಿಸಲು ಅವರ ಹಳೆಯ ಎಚ್61 ಬೋರ್ಡ್‌ನಲ್ಲಿ ಜಾಗವೇ ಇರಲಿಲ್ಲ. ಸೀಲ್ ಒಡೆದಿದ್ದರಿಂದ ಅಂಗಡಿ ವಾಪಸ್ ತೆಗೆದುಕೊಳ್ಳಲಿಲ್ಲ. ಗದಗದಿಂದ ಹುಬ್ಬಳ್ಳಿ ಸುಮಾರು 60 ಕಿಲೋಮೀಟರ್. ಹೋಗಿ ಬಂದ ದಿನವೂ ಹೋಯಿತು, ದುಡ್ಡೂ ಸಿಕ್ಕಿಬಿತ್ತು.

ನಮ್ಮ ಪೇಟೆಯಲ್ಲಿ ಹೆಚ್ಚು ಕಾಣುವ ಇಂಟೆಲ್ ಬೋರ್ಡ್‌ಗಳ ಸ್ಥಿತಿ ಹೀಗಿದೆ. ಎಚ್61 ಚಿಪ್‌ಸೆಟ್‌ನ (ಬೋರ್ಡ್‌ನ ಮುಖ್ಯ ನಿಯಂತ್ರಕ ಚಿಪ್) ಸಾಟಾ ಪೋರ್ಟ್‌ಗಳು (ಡಿಸ್ಕ್‌ನ ಕೇಬಲ್ ಜೋಡಿಸುವ ಕಿಂಡಿಗಳು) ಸೆಕೆಂಡಿಗೆ 3 ಗಿಗಾಬಿಟ್ ವೇಗದವು. ಅದರಲ್ಲಿ ಸಾಟಾ ಎಸ್‌ಎಸ್‌ಡಿ ಹಾಕಿದರೆ ಸುಮಾರು 270 ಎಂಬಿ ವೇಗ ಸಿಗುತ್ತದೆ. ಎಸ್‌ಎಸ್‌ಡಿಯ ಪೂರ್ಣ ವೇಗ ಅದಲ್ಲ ಎಂದು ಹಿಂಜರಿಯಬೇಡಿ. ದಿನದ ಕೆಲಸದಲ್ಲಿ ನಮಗೆ ಗೊತ್ತಾಗುವುದು ಹುಡುಕಾಟದ ಚುರುಕು, ಅದು ಈ ಬೋರ್ಡ್‌ನಲ್ಲೂ ಸಿಗುತ್ತದೆ. ಎಚ್81ರಲ್ಲಿ ಎರಡು ಪೋರ್ಟ್ 6 ಗಿಗಾಬಿಟ್‌ನವು, ಉಳಿದವು 3 ಗಿಗಾಬಿಟ್‌ನವು. ಅನೇಕ ಬೋರ್ಡ್‌ಗಳಲ್ಲಿ ಅವುಗಳ ಬಣ್ಣ ಬೇರೆ ಇರುತ್ತದೆ, ಪಕ್ಕದಲ್ಲಿ ‘ಸಾಟಾ 6ಜಿ’ ಅಥವಾ ‘ಸಾಟಾ3’ ಎಂದು ಅಚ್ಚಾಗಿರುತ್ತದೆ. ಎಸ್‌ಎಸ್‌ಡಿಯನ್ನು ವೇಗದ ಪೋರ್ಟ್‌ಗೇ ಜೋಡಿಸಿ. ಆಗ ವೇಗ 500ರಿಂದ 550 ಎಂಬಿಯವರೆಗೆ ಹೋಗುತ್ತದೆ. ಎಚ್110ರಿಂದ ಮುಂದಿನ ಬೋರ್ಡ್‌ಗಳಲ್ಲಿ ಪೋರ್ಟ್‌ಗಳೆಲ್ಲ 6 ಗಿಗಾಬಿಟ್‌ನವೇ, ಕೆಲವಕ್ಕೆ ಪಟ್ಟಿಯಂಥ ಕಾರ್ಡ್ ಕೂರುವ ಎಂ.2 ಸ್ಲಾಟ್ ಕೂಡ ಇರುತ್ತದೆ.

ಎಂ.2 ಸ್ಲಾಟ್ ಕಂಡ ಕೂಡಲೇ ಖುಷಿಯಾಗಿ ಹೊರಡಬೇಡಿ. ಎಂ.2 ಎಂಬುದು ಆಕಾರದ ಹೆಸರು, ಭಾಷೆಯ ಹೆಸರಲ್ಲ. ಅದೇ ಆಕಾರದಲ್ಲಿ ಸಾಟಾ ಭಾಷೆಯ ಎಸ್‌ಎಸ್‌ಡಿಯೂ ಇದೆ, ಎನ್‌ವಿಎಂಇ ಭಾಷೆಯದ್ದೂ ಇದೆ. ಕೆಲವು ಸ್ಲಾಟ್ ಎರಡನ್ನೂ ಒಪ್ಪುತ್ತವೆ, ಕೆಲವು ಒಂದನ್ನು ಮಾತ್ರ. ಸಾಮಾನ್ಯವಾಗಿ ಚಿನ್ನದ ಬಣ್ಣದ ಅಂಚಿನಲ್ಲಿ ಎರಡು ಕಚ್ಚು ಇದ್ದರೆ ಸಾಟಾ, ಒಂದೇ ಕಚ್ಚು ಇದ್ದರೆ ಎನ್‌ವಿಎಂಇ. ಇದಕ್ಕೂ ಅಪವಾದಗಳಿವೆ, ಹಾಗಾಗಿ ಬೋರ್ಡ್‌ನ ಮ್ಯಾನುಯಲ್ ನೋಡುವುದೇ ಸರಿ. ಮಾಡೆಲ್ ಹೆಸರು ಹಾಕಿ ಹುಡುಕಿದರೆ ತಯಾರಕರ ತಾಣದಲ್ಲಿ ಪಿಡಿಎಫ್ ಸಿಗುತ್ತದೆ. ಮ್ಯಾನುಯಲ್‌ನಲ್ಲಿ ನಾಲ್ಕು ವಿಷಯ ನೋಡಿ: ಸ್ಲಾಟ್ ಯಾವ ಬಗೆಯದನ್ನು ಒಪ್ಪುತ್ತದೆ, ಎಷ್ಟು ಉದ್ದದ ಕಾರ್ಡ್ ಹಿಡಿಯುತ್ತದೆ, ಪಿಸಿಐಇ (ಎನ್‌ವಿಎಂಇ ಬಳಸುವ ಮಾಹಿತಿ ದಾರಿ) ಎಷ್ಟನೇ ಪೀಳಿಗೆ, ಮತ್ತು ಆ ಸ್ಲಾಟ್ ಬಳಸಿದರೆ ಯಾವ ಸಾಟಾ ಪೋರ್ಟ್ ಬಂದ್ ಆಗುತ್ತದೆ. ಕೊನೆಯದನ್ನು ಜನ ನೋಡುವುದೇ ಇಲ್ಲ. ಎಂ.2 ಹಾಕಿದ ಮೇಲೆ ಹಳೆಯ ಹಾರ್ಡ್ ಡಿಸ್ಕ್ ಮಾಯವಾಯಿತೆಂದು ಗಾಬರಿಯಾಗಿ ಬರುತ್ತಾರೆ. ಕೇಬಲ್ಲನ್ನು ಪಕ್ಕದ ಪೋರ್ಟ್‌ಗೆ ಬದಲಿಸಿದರೆ ಅದು ಮತ್ತೆ ಕಾಣುತ್ತದೆ.

ಉದ್ದದ ಲೆಕ್ಕ ಸರಳ. 2280 ಎಂದರೆ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ. ಡೆಸ್ಕ್‌ಟಾಪ್‌ಗಳಲ್ಲಿ ಇದೇ ರೂಢಿ. ಕೆಲವು ಬೋರ್ಡ್‌ಗಳಲ್ಲಿ ವೈಫೈ ಕಾರ್ಡ್‌ಗೆಂದು ಇನ್ನೊಂದು ಗಿಡ್ಡ ಎಂ.2 ಸ್ಲಾಟ್ ಇರುತ್ತದೆ, ಅದು ಎಸ್‌ಎಸ್‌ಡಿಗೆ ಅಲ್ಲ.

ವೇಗದ ಪೀಳಿಗೆಗಳ ಬಗ್ಗೆ ತಲೆ ಕೆಡಿಸಿಕೊಳ್ಳುವುದು ಬೇಡ. ಮೂರನೇ ಪೀಳಿಗೆಯ ಎನ್‌ವಿಎಂಇ ಸೆಕೆಂಡಿಗೆ ಸುಮಾರು 3500 ಎಂಬಿ, ನಾಲ್ಕನೆಯದು ಸುಮಾರು 7000 ಎಂಬಿವರೆಗೆ ಓದುತ್ತದೆ. ಹೊಸ ಪೀಳಿಗೆಯದು ಹಳೆಯ ಸ್ಲಾಟ್‌ನಲ್ಲೂ ನಡೆಯುತ್ತದೆ, ಹಳೆಯ ವೇಗದಲ್ಲಿ. ಅಂಗಡಿ ಲೆಕ್ಕ, ಡಿಟಿಪಿ, ಬ್ರೌಸಿಂಗ್ ಮಾಡುವವರಿಗೆ ಹಾರ್ಡ್ ಡಿಸ್ಕ್‌ನಿಂದ ಸಾಟಾ ಎಸ್‌ಎಸ್‌ಡಿಗೆ ಬಂದಾಗ ಆಗುವ ವ್ಯತ್ಯಾಸ ಹಗಲು ರಾತ್ರಿಯಷ್ಟು. ಸಾಟಾದಿಂದ ಎನ್‌ವಿಎಂಇಗೆ ಹೋದಾಗಿನ ವ್ಯತ್ಯಾಸ ಗಮನಿಸಿ ನೋಡಿದರಷ್ಟೇ ತಿಳಿಯುವಂಥದ್ದು. ಹಳೆಯ ಬೋರ್ಡ್‌ಗೆ ಅಡಾಪ್ಟರ್ ಕಾರ್ಡ್ ಹಾಕಿ ಎನ್‌ವಿಎಂಇ ಜೋಡಿಸಬಹುದು ಎಂದು ಕೆಲವರು ಹೇಳುತ್ತಾರೆ. ಜೋಡಿಸಬಹುದು, ಆದರೆ ಬಯೋಸ್ (ಯಂತ್ರ ಚಾಲೂ ಆದಾಗ ಮೊದಲು ಓಡುವ, ಬೋರ್ಡ್‌ನದೇ ತಂತ್ರಾಂಶ) ಎನ್‌ವಿಎಂಇಯನ್ನು ಗುರುತಿಸದಿದ್ದರೆ ಅದರಿಂದ ವಿಂಡೋಸ್ ಏಳುವುದಿಲ್ಲ. ಅಂಥ ಯಂತ್ರಕ್ಕೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿಯೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಸೆಕೆಂಡ್‌ಹ್ಯಾಂಡ್ ಬ್ರ್ಯಾಂಡೆಡ್ ಯಂತ್ರ ಇರುವವರು ಒಂದು ಮಾತು ಗಮನಿಸಿ. ಅನೇಕ ಡೆಲ್, ಎಚ್‌ಪಿ, ಲೆನೊವೊ ಡೆಸ್ಕ್‌ಟಾಪ್‌ಗಳಲ್ಲಿ ಡಿಸ್ಕ್‌ಗೆ ಹೋಗುವ ಪವರ್ ಕೇಬಲ್ ಎಸ್‌ಎಂಪಿಎಸ್‌ನಿಂದ (ಕ್ಯಾಬಿನೆಟ್‌ನೊಳಗೆ ವಿದ್ಯುತ್ ಪೂರೈಸುವ ಡಬ್ಬಿ) ಬರುವುದಿಲ್ಲ, ಬೋರ್ಡ್‌ನಿಂದಲೇ ಬರುತ್ತದೆ. ಎರಡನೇ ಡಿಸ್ಕ್ ಜೋಡಿಸಲು ಆ ಮಾಡೆಲ್‌ನದೇ ಕೇಬಲ್ ಬೇಕಾಗಬಹುದು. ಹೊರಡುವ ಮುನ್ನ ಫೋಟೋ ತೆಗೆದುಕೊಂಡು ಹೋಗಿ.

ಈಗ ಪೇಟೆಗೆ

ವಿಂಡೋಸ್ ಮತ್ತು ತಂತ್ರಾಂಶಗಳಿಗಷ್ಟೇ ಆದರೆ 240 ಅಥವಾ 256 ಜಿಬಿ ನಡೆಯುತ್ತದೆ. ಕೊಳ್ಳುವ ಶಕ್ತಿ ಇದ್ದರೆ 500 ಜಿಬಿ ಕೊಳ್ಳಿ. ಎಸ್‌ಎಸ್‌ಡಿ ತುಂಬಿದಷ್ಟೂ ನಿಧಾನವಾಗುತ್ತದೆ, ಹತ್ತರಲ್ಲಿ ಒಂದೂವರೆ ಎರಡು ಪಾಲು ಖಾಲಿ ಬಿಡಬೇಕು. 500 ಜಿಬಿ ಎಂದು ಕೊಂಡದ್ದು ವಿಂಡೋಸ್‌ನಲ್ಲಿ 465 ಜಿಬಿ ಎಂದೇ ಕಾಣುತ್ತದೆ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸಿದರೆ ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಇದರಲ್ಲಿ ಮೋಸವೇನಿಲ್ಲ.

ಮೋಸ ಬೇರೆ ಕಡೆ ಇದೆ. ಕೇಳರಿಯದ ಹೆಸರಿನ, ನಂಬಲಾಗದಷ್ಟು ಅಗ್ಗದ 2 ಟಿಬಿ ಎಸ್‌ಎಸ್‌ಡಿಗಳ ಒಳಗೆ ಸಣ್ಣ ಮೆಮೊರಿ ಕಾರ್ಡ್ ಇಟ್ಟು, ದೊಡ್ಡ ಅಳತೆ ತೋರಿಸುವಂತೆ ತಿದ್ದಿರುತ್ತಾರೆ. ತುಂಬುತ್ತ ಹೋದಂತೆ ಮೊದಲಿನ ಫೈಲುಗಳು ಹಾಳಾಗುತ್ತವೆ. ಸ್ಯಾಮ್‌ಸಂಗ್, ಕಿಂಗ್‌ಸ್ಟನ್‌ನಂಥ ಪರಿಚಿತ ಹೆಸರು ನೋಡಿ. ಹುಬ್ಬಳ್ಳಿಯ ಕೊಪ್ಪಿಕರ ರಸ್ತೆಯ ಆಸುಪಾಸಿನಲ್ಲಿ ಕೊಳ್ಳಿ, ಗದಗದಲ್ಲೇ ಕೊಳ್ಳಿ, ಆನ್‌ಲೈನ್‌ನಲ್ಲಿ ತರಿಸಿ, ಎಲ್ಲಾದರೂ ಜಿಎಸ್‌ಟಿ ಬಿಲ್ ಮೇಲೆ ಸೀರಿಯಲ್ ನಂಬರ್ ಬರೆಸಿ. ವಾರಂಟಿ ಸಾಮಾನ್ಯವಾಗಿ ಮೂರು ಅಥವಾ ಐದು ವರ್ಷ. ಒಂದೇ ಬೆಲೆಗೆ ಟಿಎಲ್‌ಸಿ ಮತ್ತು ಕ್ಯೂಎಲ್‌ಸಿ ಎಂಬ ಎರಡೂ ಬಗೆಯ ಮೆಮೊರಿ ಚಿಪ್‌ನವು ಸಿಕ್ಕರೆ ಟಿಎಲ್‌ಸಿ ಆರಿಸಿ. ಅದು ಹೆಚ್ಚು ಬರವಣಿಗೆ ತಾಳುತ್ತದೆ, ದೊಡ್ಡ ಫೈಲ್ ಬರೆಯುವಾಗ ಅಷ್ಟು ಬೇಗ ಸುಸ್ತಾಗುವುದಿಲ್ಲ.

ಎಸ್‌ಎಸ್‌ಡಿ ಜೊತೆಗೆ ಒಂದು ಸಾಟಾ ಡೇಟಾ ಕೇಬಲ್, 2.5ರಿಂದ 3.5 ಇಂಚಿಗೆ ಹೊಂದಿಸುವ ಬ್ರಾಕೆಟ್, ನಾಲ್ಕು ಸ್ಕ್ರೂ ಕೇಳಿ ತನ್ನಿ. ಎಸ್‌ಎಸ್‌ಡಿಯ ಪೆಟ್ಟಿಗೆಯಲ್ಲಿ ಕೇಬಲ್ ಸಾಮಾನ್ಯವಾಗಿ ಇರುವುದಿಲ್ಲ. ಎಸ್‌ಎಂಪಿಎಸ್‌ನಲ್ಲಿ ಚಪ್ಪಟೆಯಾದ ಸಾಟಾ ಪವರ್ ಕನೆಕ್ಟರ್ ಖಾಲಿ ಇದೆಯೇ ಎಂಬುದನ್ನೂ ಮೊದಲೇ ನೋಡಿಕೊಳ್ಳಿ. ಇಲ್ಲದಿದ್ದರೆ ನಾಲ್ಕು ಪಿನ್ನಿನ ಹಳೆಯ ಮೋಲೆಕ್ಸ್‌ನಿಂದ ಸಾಟಾಗೆ ಬದಲಿಸುವ ಕನ್ವರ್ಟರ್ ಬೇಕು. ತಂತಿಗಳ ಮೇಲೆ ಪ್ಲಾಸ್ಟಿಕ್ ಎರಕ ಹೊಯ್ದು ಮುಚ್ಚಿದ ಅಗ್ಗದ ಕನ್ವರ್ಟರ್ ಬೇಡವೇ ಬೇಡ. ಒಳಗೆ ತಂತಿಗಳು ಒಂದಕ್ಕೊಂದು ತಾಗಿ ಸುಟ್ಟುಹೋದ ಉದಾಹರಣೆಗಳಿವೆ. ತಂತಿಗಳು ಬೇರೆ ಬೇರೆಯಾಗಿ ಕಾಣುವ, ಹಿಂಬದಿಯಲ್ಲಿ ಕ್ಯಾಪ್ ಇರುವ ಬಗೆಯದನ್ನು ತೆಗೆದುಕೊಳ್ಳಿ.

ಬ್ಯಾಕಪ್, ಅದರಲ್ಲೂ ಫಾಂಟ್

ಹೊಸ ಎಸ್‌ಎಸ್‌ಡಿ ಕೈಗೆ ಬಂದ ಮೇಲೂ ಒಂದು ಸಂಜೆ ತಡೆಯಿರಿ. ಹೊರಗಿನ ಡಿಸ್ಕ್ ಒಂದಕ್ಕೆ ಎಲ್ಲವನ್ನೂ ನಕಲು ಮಾಡಿ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಎಲ್ಲರಿಗೂ ನೆನಪಿರುತ್ತವೆ. ಮರೆಯುವುದು ಫಾಂಟ್.

ಹಲವು ವರ್ಷಗಳ ಹಿಂದೆ ಒಂದು ಅಂಗಡಿಯ ಯಂತ್ರಕ್ಕೆ ಹೊಸದಾಗಿ ವಿಂಡೋಸ್ ಹಾಕಿಕೊಟ್ಟೆ. ಫೈಲುಗಳೆಲ್ಲ ಉಳಿದಿದ್ದವು. ಮರುದಿನ ಪೇಜ್‌ಮೇಕರ್‌ನಲ್ಲಿ ಒಂದು ಲಗ್ನಪತ್ರಿಕೆ ತೆರೆದರೆ ವಧುವಿನ ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಹಳೆಯ ನುಡಿ, ಬರಹ, ಶ್ರೀಲಿಪಿ ಫಾಂಟುಗಳು ಯೂನಿಕೋಡ್ ಅಲ್ಲ. ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆಯೇ ಕನ್ನಡದ ಆಕಾರ ಕೂರಿಸಿರುತ್ತಾರೆ. ಆ ಫಾಂಟ್ ಇಲ್ಲದಿದ್ದರೆ ಅಕ್ಷರ ಕನ್ನಡವಾಗಿ ಕಾಣುವುದೇ ಇಲ್ಲ. ಅದೃಷ್ಟಕ್ಕೆ ಪಕ್ಕದ ಮುದ್ರಣಾಲಯದವರ ಬಳಿ ಅದೇ ಫಾಂಟ್ ಇತ್ತು. ಅಂದಿನಿಂದ ಸಿ ಡ್ರೈವ್‌ನ ವಿಂಡೋಸ್ ಫೋಲ್ಡರ್‌ನೊಳಗಿನ ಫಾಂಟ್ಸ್ ಫೋಲ್ಡರನ್ನು ಪೂರ್ತಿ ನಕಲು ಮಾಡದೆ ನಾನು ಸ್ಕ್ರೂ ಡ್ರೈವರ್ ಮುಟ್ಟುವುದಿಲ್ಲ. ವಿಂಡೋಸ್ 10ರ ಈಚಿನ ಆವೃತ್ತಿಗಳಲ್ಲಿ ಒಬ್ಬ ಬಳಕೆದಾರನಿಗಷ್ಟೇ ಹಾಕಿದ ಫಾಂಟುಗಳು ಬೇರೆ ಕಡೆ ಕೂರುತ್ತವೆ: ಬಳಕೆದಾರನ ಫೋಲ್ಡರ್‌ನ ಆ್ಯಪ್‌ಡೇಟಾ, ಅದರೊಳಗೆ ಲೋಕಲ್, ಮೈಕ್ರೋಸಾಫ್ಟ್, ವಿಂಡೋಸ್, ಫಾಂಟ್ಸ್. ಅದನ್ನೂ ತೆಗೆದುಕೊಳ್ಳಿ.

ಟ್ಯಾಲಿ ಇದ್ದರೆ ಡೇಟಾ ಫೋಲ್ಡರಿನ ನಕಲು ಇಟ್ಟುಕೊಳ್ಳಿ, ಹೊಸದಾಗಿ ವಿಂಡೋಸ್ ಹಾಕುವ ಮುನ್ನ ಟ್ಯಾಲಿಯೊಳಗೇ ಲೈಸೆನ್ಸ್ ಸರೆಂಡರ್ ಮಾಡಿ. ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್, ಪ್ರಿಂಟರ್ ಮತ್ತು ಸ್ಕ್ಯಾನರ್ ಡ್ರೈವರ್ ಕೂಡ ನೆನಪಿರಲಿ. ಡ್ರೈವ್‌ಗೆ ಬಿಟ್‌ಲಾಕರ್ ಬೀಗ ಇದ್ದರೆ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಡಿ.

ನಕಲೋ, ಹೊಸದಾಗಿ ಹಾಕುವುದೋ

ಹಳೆಯ ಡಿಸ್ಕ್‌ನಲ್ಲಿದ್ದ ವಿಂಡೋಸ್, ತಂತ್ರಾಂಶ, ಫೈಲು ಎಲ್ಲವನ್ನೂ ಇದ್ದ ಹಾಗೆಯೇ ಎಸ್‌ಎಸ್‌ಡಿಗೆ ಎತ್ತಿಡುವುದು ಕ್ಲೋನ್. ಇನ್‌ಸ್ಟಾಲ್ ಮಾಡುವ ಸಿಡಿ ಕಳೆದುಹೋದ ಹಳೆಯ ತಂತ್ರಾಂಶಗಳ ಮೇಲೆ ಬದುಕು ನಡೆಸುವ ಡಿಟಿಪಿ ಅಂಗಡಿಗಳಿಗೆ ನಾನು ಇದನ್ನೇ ಹೇಳುತ್ತೇನೆ. ವೈರಸ್ ಹೊಕ್ಕು, ಐದಾರು ವರ್ಷದ ಕಸ ತುಂಬಿದ ಮನೆಯ ಕಂಪ್ಯೂಟರ್‌ಗೆ ಮಾತ್ರ ಹೊಸದಾಗಿ ಹಾಕುವುದೇ ಮೇಲು.

ಕ್ಲೋನ್‌ಗೆ ಎಸ್‌ಎಸ್‌ಡಿ ತಯಾರಕರೇ ಕೊಡುವ ತಂತ್ರಾಂಶ ಸುಲಭ. ಸ್ಯಾಮ್‌ಸಂಗ್‌ಗೆ ತನ್ನದೇ ಇದೆ, ಇನ್ನು ಕೆಲವರು ಅಕ್ರೋನಿಸ್ ಎಂಬ ಕಂಪನಿಯ ಆವೃತ್ತಿ ಕೊಡುತ್ತಾರೆ. ಹಳೆಯದು 1 ಟಿಬಿ, ಹೊಸದು 500 ಜಿಬಿ ಆದರೂ ಚಿಂತೆಯಿಲ್ಲ, ತುಂಬಿರುವ ಮಾಹಿತಿ ಹೊಸದರ ಅಳತೆಗಿಂತ ಕಡಿಮೆ ಇದ್ದರೆ ಸಾಕು. ಕ್ಲೋನ್‌ಝಿಲ್ಲಾ ಎಂಬ ಉಚಿತ ತಂತ್ರಾಂಶ ಬಳಸುವವರು ನೆನಪಿಡಿ, ಅದು ಸಹಜವಾಗಿ ಹೊಸ ಡಿಸ್ಕ್ ಹಳೆಯದರಷ್ಟೇ ಅಥವಾ ಅದಕ್ಕಿಂತ ದೊಡ್ಡದಿರಬೇಕೆಂದು ಕೇಳುತ್ತದೆ.

ಎಸ್‌ಎಸ್‌ಡಿಯನ್ನು ಖಾಲಿ ಸಾಟಾ ಪೋರ್ಟ್‌ಗೆ ಅಥವಾ ಯುಎಸ್‌ಬಿ ಕೇಸಿಂಗ್ ಮೂಲಕ ಜೋಡಿಸಿ ತಂತ್ರಾಂಶ ನಡೆಸಿ. ಅದು ‘ಸೋರ್ಸ್’ ಮತ್ತು ‘ಟಾರ್ಗೆಟ್’ ಕೇಳುತ್ತದೆ. ಸೋರ್ಸ್ ಹಳೆಯದು, ಟಾರ್ಗೆಟ್ ಹೊಸದು. ಇದು ಅದಲು ಬದಲಾದರೆ ಖಾಲಿ ಎಸ್‌ಎಸ್‌ಡಿಯ ನಕಲು ನಿಮ್ಮ ತುಂಬಿದ ಡಿಸ್ಕ್ ಮೇಲೆ ಬೀಳುತ್ತದೆ. ಹೆಸರು, ಅಳತೆ ಎರಡನ್ನೂ ಗಟ್ಟಿಯಾಗಿ ಓದಿ, ಪಕ್ಕದಲ್ಲಿ ಯಾರಾದರೂ ಇದ್ದರೆ ಅವರಿಂದಲೂ ಓದಿಸಿ, ಆಮೇಲೆ ಒತ್ತಿ.

ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೂರಬೇಡಿ. ಕಾಕಾನ ಅಂಗಡಿಯಲ್ಲಿ ಮೊದಲ ಸಲ ಮುಕ್ಕಾಲು ಪಾಲು ಮುಗಿದಾಗ ಕರೆಂಟ್ ಹೋಯಿತು. ಯುಪಿಎಸ್ ಇತ್ತು, ಅದರ ಬ್ಯಾಟರಿ ಸತ್ತಿತ್ತು. ಹಳೆಯ ಡಿಸ್ಕ್‌ಗೆ ಏನೂ ಆಗಲಿಲ್ಲ, ಎಸ್‌ಎಸ್‌ಡಿಯಲ್ಲಿ ಅರೆಬರೆ ಬಂದದ್ದನ್ನು ಅಳಿಸಿ ಮೊದಲಿನಿಂದ ಶುರು ಮಾಡಬೇಕಾಯಿತು. ಎರಡನೇ ಸಲ ಪಕ್ಕದ ಅಂಗಡಿಯ ಯುಪಿಎಸ್ ತಂದು, ಮಾನಿಟರನ್ನು ಬೇರೆ ಪ್ಲಗ್‌ಗೆ ಹಾಕಿ ಅದರ ಭಾರ ಇಳಿಸಿ ಮುಗಿಸಿದೆ.

ಹೊಸದಾಗಿ ವಿಂಡೋಸ್ ಹಾಕುವವರು ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್‌ನಿಂದ 8 ಜಿಬಿ ಪೆನ್‌ಡ್ರೈವ್ ಸಿದ್ಧ ಮಾಡಿಕೊಳ್ಳಿ. ಹಾಕುವಾಗ ಹಳೆಯ ಡಿಸ್ಕ್‌ನ ಕೇಬಲ್ ಕಿತ್ತಿಡಿ. ಎರಡೂ ಜೋಡಿಸಿದ್ದರೆ ವಿಂಡೋಸ್ ಎಸ್‌ಎಸ್‌ಡಿಗೆ ಹೋಗಿ, ಏಳಿಸುವ ಬೂಟ್ ಫೈಲು ಮಾತ್ರ ಹಳೆಯ ಡಿಸ್ಕ್‌ನಲ್ಲಿ ಉಳಿದುಬಿಡಬಹುದು. ಆಮೇಲೆ ಹಳೆಯದನ್ನು ತೆಗೆದ ದಿನ ಯಂತ್ರ ಏಳುವುದಿಲ್ಲ. ಬೋರ್ಡ್ ಬದಲಾಗದಿರುವುದರಿಂದ ಡಿಜಿಟಲ್ ಲೈಸೆನ್ಸ್ ಇದ್ದವರಿಗೆ ಇಂಟರ್ನೆಟ್ ಬಂದ ಕೂಡಲೇ ವಿಂಡೋಸ್ ತಾನೇ ಸಕ್ರಿಯವಾಗುತ್ತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಾದರೆ ಎಂಟನೇ ಪೀಳಿಗೆಯ ಅಥವಾ ನಂತರದ ಪ್ರೊಸೆಸರ್ ಬೇಕು, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ಎಸ್‌ಎಸ್‌ಡಿ ಹಾಕಿದ ಮಾತ್ರಕ್ಕೆ ಎಚ್61 ಯಂತ್ರ ಅದಕ್ಕೆ ಅರ್ಹವಾಗುವುದಿಲ್ಲ. ಬ್ರೌಸಿಂಗ್ ಮತ್ತು ಪತ್ರ ಬರೆಯುವುದಷ್ಟೇ ಇದ್ದರೆ ಅಂಥ ಯಂತ್ರಕ್ಕೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಚೆನ್ನಾಗಿ ಒಗ್ಗುತ್ತದೆ.

ಕೂರಿಸುವುದು

2.5 ಇಂಚಿನದಾದರೆ ಬ್ರಾಕೆಟ್‌ಗೆ ಎಸ್‌ಎಸ್‌ಡಿ ಬಿಗಿದು, ಬ್ರಾಕೆಟನ್ನು ಹಾರ್ಡ್ ಡಿಸ್ಕ್ ಗೂಡಿಗೆ ಬಿಗಿಯಿರಿ. ಎಸ್‌ಎಸ್‌ಡಿಗೆ ಬರುವುದು ಸಣ್ಣ ಎಳೆಯ ಎಂ3 ಸ್ಕ್ರೂ. ಹಾರ್ಡ್ ಡಿಸ್ಕ್‌ನ ದಪ್ಪ ಎಳೆಯ ಸ್ಕ್ರೂವನ್ನು ಬಲವಂತದಿಂದ ತಿರುಗಿಸಿದರೆ ರಂಧ್ರ ಹಾಳಾಗುತ್ತದೆ. ಬೆರಳಿನಿಂದ ಎರಡು ಸುತ್ತು ಸಲೀಸಾಗಿ ಹೋದರಷ್ಟೇ ಸ್ಕ್ರೂ ಡ್ರೈವರ್ ಹಿಡಿಯಿರಿ. ಸಾಟಾ ಕನೆಕ್ಟರ್‌ಗಳ ಒಳಗೆ ಎಲ್ ಆಕಾರದ ತಿರುವು ಇರುತ್ತದೆ, ಅದು ಒಂದೇ ದಿಕ್ಕಿನಲ್ಲಿ ಕೂರುತ್ತದೆ. ಕೂರದಿದ್ದರೆ ತಿರುಗಿಸಿ ನೋಡಿ, ಒತ್ತಬೇಡಿ. ಆ ಪ್ಲಾಸ್ಟಿಕ್ ನಾಲಿಗೆ ಮುರಿದರೆ ಎಸ್‌ಎಸ್‌ಡಿಯೇ ಹೋದಂತೆ. ಬ್ರಾಕೆಟ್ ಸಿಗದಿದ್ದರೂ ಅಡ್ಡಿಯಿಲ್ಲ. ಒಳಗೆ ತಿರುಗುವ ಭಾಗ ಇಲ್ಲದ್ದರಿಂದ ಎಸ್‌ಎಸ್‌ಡಿಯನ್ನು ಕೇಬಲ್ ಟೈನಿಂದ ಗೂಡಿಗೆ ಕಟ್ಟಿದರೂ ನಡೆಯುತ್ತದೆ.

ಎಂ.2 ಆದರೆ ಕಾರ್ಡನ್ನು ಅಂಚಿನಲ್ಲಿ ಹಿಡಿದು, ಸುಮಾರು 30 ಡಿಗ್ರಿ ಓರೆಯಾಗಿ ಸ್ಲಾಟ್‌ಗೆ ತಳ್ಳಿ. ಚಿನ್ನದ ಬಣ್ಣದ ಪಟ್ಟಿ ಬಹುಪಾಲು ಒಳಗೆ ಹೋಗಿರಬೇಕು. ಕೈ ಬಿಟ್ಟರೆ ಕಾರ್ಡ್ ಓರೆಯಾಗಿಯೇ ನಿಲ್ಲುತ್ತದೆ, ಅದು ಸರಿಯಾಗಿ ಕೂತ ಲಕ್ಷಣ. ಮೆಲ್ಲಗೆ ಕೆಳಗೆ ಒತ್ತಿ ತುದಿಯಲ್ಲಿ ಸಣ್ಣ ಸ್ಕ್ರೂ ಹಾಕಿ. ಆ ಸ್ಕ್ರೂ ಅಕ್ಕಿಕಾಳಿನಷ್ಟೇ ಇರುತ್ತದೆ, ಕೆಳಗೆ ಬಿಳಿ ಅರಿವೆ ಹಾಸಿಕೊಂಡರೆ ಬಿದ್ದರೂ ಕಾಣುತ್ತದೆ. ಮೇಲೆ ಹೀಟ್‌ಸಿಂಕ್ ಇದ್ದರೆ ಅದರ ಪ್ಯಾಡ್ ಮೇಲಿನ ತೆಳು ಪ್ಲಾಸ್ಟಿಕ್ ಹಾಳೆ ಸುಲಿಯಿರಿ. ಎಸ್‌ಎಸ್‌ಡಿ ಮೇಲಿನ ಲೇಬಲ್ ಮಾತ್ರ ಸುಲಿಯಬೇಡಿ, ವಾರಂಟಿ ಹೋಗಬಹುದು.

ಮೊದಲ ಸಲ ಚಾಲೂ ಮಾಡುವಾಗ

ಕ್ಲೋನ್ ಮಾಡಿದವರು ಮೊದಲ ಸಲ ಹಳೆಯ ಡಿಸ್ಕ್‌ನ ಕೇಬಲ್ ಕಿತ್ತು, ಎಸ್‌ಎಸ್‌ಡಿ ಒಂದನ್ನೇ ಇಟ್ಟು ಚಾಲೂ ಮಾಡಿ. ಒಂದೇ ಗುರುತಿನ ಎರಡು ಡಿಸ್ಕ್ ಕಂಡರೆ ವಿಂಡೋಸ್ ಗೊಂದಲಕ್ಕೆ ಬೀಳುತ್ತದೆ. ಡಿಲೀಟ್ ಅಥವಾ ಎಫ್2 ಒತ್ತಿ ಬಯೋಸ್‌ಗೆ ಹೋಗಿ ಎಸ್‌ಎಸ್‌ಡಿ ಹೆಸರು ಕಾಣುತ್ತದೆಯೇ ನೋಡಿ, ಬೂಟ್ ಸಾಲಿನಲ್ಲಿ ಅದನ್ನು ಮೊದಲಿಗೆ ತನ್ನಿ.

ಬಯೋಸ್‌ನಲ್ಲಿ ಸಾಟಾ ಮೋಡ್ (ಡಿಸ್ಕ್ ಜೊತೆ ಬೋರ್ಡ್ ಮಾತಾಡುವ ರೀತಿ) ಎಎಚ್‌ಸಿಐ ಇರಬೇಕು. ಹಳೆಯ ಬೋರ್ಡ್‌ಗಳಲ್ಲಿ ಐಡಿಇ ಎಂಬ ಹಳೆಯ ರೀತಿ ಇದ್ದು, ವಿಂಡೋಸ್ ಅದರಲ್ಲೇ ಹಾಕಿದ್ದರೆ, ಒಮ್ಮೆಲೇ ಬದಲಿಸಿದಾಗ ನೀಲಿ ಪರದೆ ಬರುತ್ತದೆ. ಅದಕ್ಕೊಂದು ದಾರಿ ಇದೆ. ಬದಲಿಸುವ ಮುನ್ನ ವಿಂಡೋಸ್‌ನಲ್ಲಿ ಎಂಎಸ್‌ಕಾನ್ಫಿಗ್ ತೆರೆದು, ‘ಬೂಟ್’ ಪುಟದಲ್ಲಿ ‘ಸೇಫ್ ಬೂಟ್’ಗೆ ಗುರುತು ಹಾಕಿ ಮರುಚಾಲೂ ಮಾಡಿ. ನೇರ ಬಯೋಸ್‌ಗೆ ಹೋಗಿ ಎಎಚ್‌ಸಿಐ ಮಾಡಿ. ಸೇಫ್ ಮೋಡ್‌ನಲ್ಲಿ ವಿಂಡೋಸ್ ಎದ್ದಾಗ ಸರಿಯಾದ ಡ್ರೈವರನ್ನು ತಾನೇ ಹಿಡಿದುಕೊಳ್ಳುತ್ತದೆ. ಗುರುತು ತೆಗೆದು ಮತ್ತೆ ಚಾಲೂ ಮಾಡಿದರೆ ಆಯಿತು. ಸೇಫ್ ಮೋಡ್‌ನಲ್ಲಿ ಪಿನ್ ಕೆಲಸ ಮಾಡದೆ ಪಾಸ್‌ವರ್ಡ್ ಕೇಳಬಹುದು, ಅದು ನೆನಪಿರಲಿ.

ಕಾಕಾನ ಯಂತ್ರ ಈಗ ಅರ್ಧ ನಿಮಿಷದೊಳಗೆ ಏಳುತ್ತದೆ. ಮೊದಲ ದಿನ ಅವರು ಬಟನ್ ಒತ್ತಿ ಎಂದಿನಂತೆ ಚಹಾಕ್ಕೆ ಹೊರಟವರು, ಹೊಸ್ತಿಲಲ್ಲೇ ತಿರುಗಿ ನಿಂತರು. “ಆಗಲೇ ಬಂತೇನೋ?” ಎಂದು ವಾಪಸ್ ಬಂದು ಕುರ್ಚಿಯಲ್ಲಿ ಕೂತರು.

ಆಮೇಲಿನ ನಾಲ್ಕು ಮಾತು

ಸ್ಟಾರ್ಟ್ ಮೆನುವಿನಲ್ಲಿ ‘ಆಪ್ಟಿಮೈಜ್ ಡ್ರೈವ್ಸ್’ ತೆರೆದು, ಹೊಸ ಡ್ರೈವ್‌ನ ಎದುರು ‘ಸಾಲಿಡ್ ಸ್ಟೇಟ್ ಡ್ರೈವ್’ ಎಂದು ಬರೆದಿದೆಯೇ ನೋಡಿ. ಹಾಗಿದ್ದರೆ ವಿಂಡೋಸ್ ಅದಕ್ಕೆ ಟ್ರಿಮ್ ಕಳಿಸುತ್ತದೆ, ಅಂದರೆ ಅಳಿಸಿದ ಜಾಗ ಯಾವುದೆಂದು ಎಸ್‌ಎಸ್‌ಡಿಗೆ ತಿಳಿಸುತ್ತದೆ. ಹಾರ್ಡ್ ಡಿಸ್ಕ್‌ಗೆ ಮಾಡುತ್ತಿದ್ದ ಡಿಫ್ರ್ಯಾಗ್ ಇದಕ್ಕೆ ಬೇಡ, ಬೇರೆ ಕಂಪನಿಯ ಡಿಫ್ರ್ಯಾಗ್ ತಂತ್ರಾಂಶ ಇದ್ದರೆ ತೆಗೆದುಹಾಕಿ.

ಟ್ರಿಮ್‌ನ ಇನ್ನೊಂದು ಮುಖ ತಿಳಿದಿರಲಿ. ಹಾರ್ಡ್ ಡಿಸ್ಕ್‌ನಲ್ಲಿ ತಪ್ಪಿ ಅಳಿಸಿದ ಫೈಲನ್ನು ರಿಕವರಿ ತಂತ್ರಾಂಶದಿಂದ ಬಹಳ ಸಲ ಮರಳಿ ತರಬಹುದಿತ್ತು. ಎಸ್‌ಎಸ್‌ಡಿಯಲ್ಲಿ ರಿಸೈಕಲ್ ಬಿನ್ ಖಾಲಿ ಮಾಡಿದ ಮೇಲೆ ಆ ಆಸೆ ಬಹುಪಾಲು ಬಿಡಬೇಕು. ಹಾರ್ಡ್ ಡಿಸ್ಕ್ ಕೆಡುವ ಮೊದಲು ಟಕ್ ಟಕ್ ಎಂದು ಸದ್ದು ಮಾಡಿ ಸೂಚನೆ ಕೊಡುತ್ತಿತ್ತು. ಎಸ್‌ಎಸ್‌ಡಿ ಸದ್ದಿಲ್ಲದೆ ಒಂದು ದಿನ ಕಾಣದಾಗಬಹುದು. ಶನಿವಾರ ಸಂಜೆ ಅಂಗಡಿ ಮುಚ್ಚುವ ಮುನ್ನ ವಾರದ ಕೆಲಸವನ್ನು ಹಾರ್ಡ್ ಡಿಸ್ಕ್‌ಗೆ ನಕಲು ಮಾಡುವ ರೂಢಿ ಇಟ್ಟುಕೊಳ್ಳಿ. ವರ್ಷಗಟ್ಟಲೆ ಕಪಾಟಿನಲ್ಲಿಡುವ ಸಂಗ್ರಹಕ್ಕೆ ಎಸ್‌ಎಸ್‌ಡಿ ಬಳಸಬೇಡಿ. ವಿದ್ಯುತ್ ಇಲ್ಲದೆ ಬಹಳ ಕಾಲ ಬಿಟ್ಟರೆ ಅದರೊಳಗಿನ ಚಾರ್ಜ್ ಸೋರುತ್ತ ಹೋಗುತ್ತದೆ, ನಮ್ಮ ಬೇಸಿಗೆಯ ಬಿಸಿಲಿಗೆ ಇನ್ನೂ ಬೇಗ.

ಹಳೆಯ ಹಾರ್ಡ್ ಡಿಸ್ಕ್‌ಗೆ ಎರಡು ವಾರ ಏನೂ ಮಾಡಬೇಡಿ. ಮೇಲೆ ತಾರೀಖು ಬರೆದ ಚೀಟಿ ಅಂಟಿಸಿ ಕಪಾಟಿನಲ್ಲಿಡಿ. ಪ್ರತಿ ತಂತ್ರಾಂಶವನ್ನೂ ಒಮ್ಮೆ ತೆರೆದು, ಹಳೆಯ ಲಗ್ನಪತ್ರಿಕೆಯೊಂದನ್ನು ಪ್ರಿಂಟ್ ತೆಗೆದು, ಟ್ಯಾಲಿಯಲ್ಲಿ ಹಿಂದಿನ ವರ್ಷದ ಲೆಕ್ಕ ಕಾಣುತ್ತದೆಯೇ ನೋಡಿದ ಮೇಲೆ ಅದನ್ನು ಮತ್ತೆ ಜೋಡಿಸಿ, ಫಾರ್ಮ್ಯಾಟ್ ಮಾಡಿ, ಡಿ ಡ್ರೈವ್ ಆಗಿ ಬಳಸಿ. ಕ್ರಿಸ್ಟಲ್ ಡಿಸ್ಕ್ ಇನ್ಫೋದಲ್ಲಿ ಹಳದಿ ತೋರಿಸಿದ್ದ ಡಿಸ್ಕ್ ಆದರೆ ಮತ್ತೆ ಜೋಡಿಸಬೇಡಿ. ಮಾರುವುದಾಗಲೀ ಯಾರಿಗಾದರೂ ಕೊಡುವುದಾಗಲೀ ಇದ್ದರೆ, ಗಿರಾಕಿಗಳ ಆಧಾರ್ ನಕಲು, ಫೋಟೋ ಎಲ್ಲ ಅದರಲ್ಲಿರುತ್ತವೆ, ಕ್ವಿಕ್ ಫಾರ್ಮ್ಯಾಟ್ ಸಾಲದು. ಪೂರ್ತಿ ಫಾರ್ಮ್ಯಾಟ್ ಮಾಡಿಯೇ ಕೊಡಿ. 1 ಟಿಬಿ ಡಿಸ್ಕ್‌ಗೆ ಕೆಲವು ಗಂಟೆ ಹಿಡಿಯುತ್ತದೆ, ರಾತ್ರಿ ಹಚ್ಚಿಟ್ಟು ಹೋದರೆ ಬೆಳಿಗ್ಗೆಗೆ ಮುಗಿದಿರುತ್ತದೆ.